ಕೋವಿಗೂ ಬೇಕು ಕಕ್ಕಡದ ಮದ್ದು

ಆಗಸ್ಟ್ ತಿಂಗಳ ಕೊನೆಯ ವಾರ. ನಾಟಿ ಮುಗಿದು ಗದ್ದೆಗಳು ಹಸಿರಾಗಿವೆ, ಮಳೆ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಕೊಡಗಿನ ಮನೆಗಳಲ್ಲಿ ಈ ಹೊತ್ತಿಗೆ ಕೋವಿ ಹೊರಗೆ ಬರುತ್ತದೆ. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬ. ಅಷ್ಟರೊಳಗೆ ಅದನ್ನು ಒರೆಸಿ, ಎಣ್ಣೆ ಕಾಣಿಸಿ, ದೇವರ ಮುಂದೆ ನಿಲ್ಲಿಸುವ ಹಾಗೆ ಮಾಡಬೇಕು. ಚೀಲದ ಜಿಪ್ ಎಳೆದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದವರ ಮುಖ ಸಣ್ಣಗಾಗುವುದೂ ಆಗಲೇ. ಕಪ್ಪುನೀಲಿ ಹೊಳಪಿನ ನಡುವೆ ಸಾಸಿವೆ ಕಾಳಿನಷ್ಟು ಒಂದು ಕಾವಿ ಬಣ್ಣದ ಚುಕ್ಕೆ. ಬೆರಳಿಟ್ಟು ನೋಡಿದರೆ ಒಂದಲ್ಲ, ಏಳೆಂಟು. ‘ಒರೆಸಿಯೇ ಇಟ್ಟಿದ್ದೆನಲ್ಲ!’ ಎಂಬ ಮಾತು ನಮ್ಮ ಮನೆಯಲ್ಲಿ ಎಷ್ಟು ವರ್ಷ ಕೇಳಿದ್ದೇನೋ ಲೆಕ್ಕವಿಲ್ಲ.

ಒರೆಸಿ ಇಟ್ಟದ್ದು ನಿಜ. ಇಟ್ಟು ಮರೆತದ್ದೇ ತಪ್ಪು. ಕಾಡು ಸುತ್ತಿ, ಮಳೆಯಲ್ಲಿ ನೆನೆದು, ಕೆಸರು ಮೆತ್ತಿಕೊಂಡು ಬಂದ ಕೋವಿಗೆ ತುಕ್ಕು ಹಿಡಿಯುವುದು ಕಡಿಮೆ. ಅದನ್ನು ಅದೇ ರಾತ್ರಿ ಒಲೆಯ ಪಕ್ಕ ಬಿಚ್ಚಿ ಒರೆಸುತ್ತಾರೆ. ತುಕ್ಕು ಹುಡುಕಿಕೊಂಡು ಬರುವುದು ಯಾರೂ ಮುಟ್ಟದ ಕೋವಿಯನ್ನು. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ತೋಕಿಗೂ ತುಕ್ಕಿಗೂ ಪ್ರಾಸದ ನಂಟು ಸಾಲದೆಂದು ಜೂನ್‌ನಿಂದ ಆಗಸ್ಟ್‌ವರೆಗೆ ಎರಡೂ ಒಂದೇ ಬೀರುವಿನಲ್ಲಿ ಸಂಸಾರ ಹೂಡುತ್ತವೆ.

ಹಬ್ಬದ ಹಿಂದಿನ ಲೆಕ್ಕಾಚಾರವೇ ಇದಕ್ಕೆ ಎಡೆ ಮಾಡಿಕೊಡುವಂಥದ್ದು. ಉಳುಮೆ, ನಾಟಿಯ ಕಾಲದಲ್ಲಿ ಗಂಡಸರು ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇಟ್ಟು ಗದ್ದೆಗೆ ಇಳಿಯುತ್ತಿದ್ದರು. ಗದ್ದೆ ಕೆಲಸ ತೀರಿದ ಮೇಲೆ ಒಂದು ದಿನ ಅವನ್ನೆಲ್ಲ ಹೊರಗೆ ತೆಗೆದು, ತೊಳೆದು, ಪೂಜಿಸಿ, ಮತ್ತೆ ಕೈಗೆ ಎತ್ತಿಕೊಳ್ಳುವುದು. ಅಲ್ಲಿಂದ ಬೇಟೆಯ ಕಾಲ. ಅದೇ ಕೈಲ್ ಪೊಳ್ದ್. ನಳಿಗೆಯ ತುದಿಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಉರಿಯ ನಾಲಗೆಯಂಥ ಕೆಂಪು ಹಳದಿ ಎಸಳಿನ ಆ ಹೂವನ್ನು ಬಯಲುಸೀಮೆಯವರು ಅಗ್ನಿಶಿಖೆ ಎಂದೋ ಗೌರಿ ಹೂವು ಎಂದೋ ಗುರುತಿಸುತ್ತಾರೆ. ಊಟಕ್ಕೆ ಕಡಂಬುಟ್ಟು, ಪಂದಿಕರಿ; ಜೊತೆಗೆ ತೆಂಗಿನಕಾಯಿಗೆ ಗುರಿಯಿಟ್ಟು ಈಡು ಹಾರಿಸುವ ಪಂದ್ಯ. ಮೇಲ್ನೋಟಕ್ಕೆ ಶೌರ್ಯದ ಹಬ್ಬ. ನನ್ನ ಕಣ್ಣಿಗೆ ಮಾತ್ರ ಅದು ವರ್ಷಕ್ಕೊಮ್ಮೆ ನಡೆಯುವ ತುಕ್ಕಿನ ತಪಾಸಣೆ. ಮಳೆಗಾಲವಿಡೀ ಕತ್ತಲಲ್ಲಿ ಕೂತ ಕಬ್ಬಿಣವನ್ನು ಬೆಳಕಿಗೆ ಹಿಡಿಯಲು ಹಿರಿಯರು ದೇವರ ನೆಪ ಹೂಡಿದ್ದಾರೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತು. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯಿಂದ ಶುರುವಾದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರವರೆಗೆ ವಿಸ್ತರಿಸಿತು; 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೋವಿಗೆ ಕೆಲಸ ಮಾತ್ರ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಈಗ ಗಂಡುಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಬೆನ್ನುಬೆನ್ನಿಗೆ ಎರಡು, ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು. ವರ್ಷಕ್ಕೆ ಮೂರು ಸಲ ಬೆಂಕಿ ಉಗುಳಿ ಮುನ್ನೂರು ದಿನ ಮಲಗುವ ಕೋವಿಗೆ ಬೇಟೆಗಾರನ ಕೋವಿಗಿಂತ ಹೆಚ್ಚು ಆರೈಕೆ ಬೇಕು. ಕೊಡಗಿನಲ್ಲಿ ಮಾತ್ರವಲ್ಲ, ಬೆಳೆ ರಕ್ಷಣೆಯ ಪರವಾನಗಿ ಇಟ್ಟುಕೊಂಡ ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲೂ ಇದೇ ಕತೆ.

ಮೊದಲು ಆ ಸಾಸಿವೆ ಕಾಳಿನ ಚುಕ್ಕೆಯನ್ನೇ ನೋಡೋಣ. ನಳಿಗೆಯ ತುಂಬ ಒಂದೇ ಸಮ ಬಣ್ಣ ಬಳಿದ ಹಾಗೆ ತುಕ್ಕು ಬರಬಹುದಿತ್ತಲ್ಲ, ಚುಕ್ಕೆಚುಕ್ಕೆಯಾಗಿ ಯಾಕೆ? ಕೇಂಬ್ರಿಜ್‌ನಲ್ಲಿದ್ದ ಯುಲಿಕ್ ಇವಾನ್ಸ್ ಎಂಬ ರಸಾಯನ ವಿಜ್ಞಾನಿ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟು ಇದನ್ನು ತೋರಿಸಿಕೊಟ್ಟರು. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ಒಂದು ವ್ಯತ್ಯಾಸಕ್ಕೇ ಆ ಪುಟ್ಟ ಹನಿ ಬ್ಯಾಟರಿಯಾಗಿಬಿಡುತ್ತದೆ. ನಡುವಿನಲ್ಲಿ ಕಬ್ಬಿಣ ಕರಗುತ್ತ ಹೋಗುತ್ತದೆ. ಕರಗಿದ್ದು ಅಂಚಿನ ಕಡೆ ಸರಿದು ಆಮ್ಲಜನಕವನ್ನು ಕೂಡಿಕೊಂಡು ಕಂದು ಉಂಗುರವಾಗುತ್ತದೆ. ಕಣ್ಣಿಗೆ ಕಾಣುವ ತುಕ್ಕಿನ ಜಾಗ ಒಂದು, ಲೋಹ ಸವೆದ ಜಾಗ ಇನ್ನೊಂದು. ತುಕ್ಕು ಒರೆಸಿದ ಮೇಲೆ ನಡುವೆ ಸೂಜಿಮೊನೆಯಂಥ ಗುಳಿ ಉಳಿಯುವುದು ಇದಕ್ಕೇ. ಅಷ್ಟೇ ಅಲ್ಲ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಸ್ಪಂಜಿನ ಹಾಗೆ ನೀರು ಹೀರಿಟ್ಟುಕೊಳ್ಳುತ್ತದೆ. ಒಮ್ಮೆ ಕೂತ ಚುಕ್ಕೆ ತನ್ನ ಊಟದ ವ್ಯವಸ್ಥೆ ತಾನೇ ಮಾಡಿಕೊಳ್ಳುತ್ತದೆ.

ಹನಿ ಎಂದರೆ ಮಳೆಯ ಹನಿಯೇ ಬೀಳಬೇಕಾಗಿಲ್ಲ. ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದರೆ ಸಾಕು, ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈನಲ್ಲಿ ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಶೇ 60 ಅನ್ನುವುದು ಆ ತಿಂಗಳಲ್ಲಿ ನಮಗೆ ಕನಸಿನ ಮಾತು.

ಉಪ್ಪಿನ ಡಬ್ಬಿಯಲ್ಲಿ ನೀರಾಗುವ ಸಂಗತಿಯನ್ನು ಹಗುರಾಗಿ ನೋಡಬಾರದು. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75 ಮುಟ್ಟಿದ ಕೂಡಲೇ ನೀರು ಹೀರಿ ಕರಗತೊಡಗುತ್ತದೆ. ಬೆವರಿನಲ್ಲಿರುವುದೂ ಅದೇ ಉಪ್ಪು. ನಳಿಗೆಯನ್ನು ಬರಿಗೈಯಲ್ಲಿ ಹಿಡಿದ ಗುರುತು ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆಗಾಲದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗಿ ಎದ್ದು ಬರುತ್ತದೆ, ಪೊಲೀಸ್ ದಾಖಲೆಗೆ ಹೊಂದುವಷ್ಟು ಸ್ಪಷ್ಟವಾಗಿ. ಕೆಲವರ ಬೆವರಿಗಂತೂ ತುಕ್ಕು ತರಿಸುವ ವಿಶೇಷ ಶಕ್ತಿ. ಲೋಹದ ಕೆಲಸ ಮಾಡುವ ಕಾರ್ಖಾನೆಗಳಲ್ಲಿ ಅಂಥವರ ಕೈಗೆ ನಯಗೊಳಿಸಿದ ಭಾಗಗಳನ್ನು ಕೊಡುವುದಿಲ್ಲ. ಈಗ ಹಬ್ಬದ ದಿನವನ್ನು ನೆನೆಯಿರಿ. ನೆಂಟರು, ಅವರ ಮಕ್ಕಳು, ಬೆಂಗಳೂರಿನಿಂದ ಬಂದ ಗೆಳೆಯರು ಎಲ್ಲರಿಗೂ ಕೋವಿ ಹಿಡಿದು ಒಂದು ಫೋಟೊ ಬೇಕು. ಆ ಕೈಗಳು ಸ್ವಲ್ಪ ಹೊತ್ತಿನ ಹಿಂದೆ ಪಂದಿಕರಿಯಲ್ಲಿದ್ದವು. ಪಂದಿಕರಿ ಎಂದರೆ ಉಪ್ಪು, ಮೇಲೆ ಕಾಚಂಪುಳಿ. ಉಪ್ಪು, ಹುಳಿ, ಬೆವರು ಮೂರನ್ನೂ ಕಬ್ಬಿಣಕ್ಕೆ ಹಚ್ಚಿ ಚೀಲಕ್ಕೆ ತುರುಕಿದರೆ ಮುಂದೇನು ಎಂದು ಹೇಳಬೇಕಾಗಿಲ್ಲ. ಆಯುಧಪೂಜೆಯ ಕುಂಕುಮ, ಗಂಧ, ಒದ್ದೆ ಹೂವಿಗೂ ಇದೇ ಮಾತು. ಪೂಜೆ ಮುಗಿದ ಸಂಜೆಯೇ ಒರೆಸಿದರೆ ಯಾವ ದೇವರೂ ಮುನಿಯುವುದಿಲ್ಲ.

ಹಾಗಾದರೆ ನಳಿಗೆಯ ಮೇಲಿನ ಆ ಕಪ್ಪುನೀಲಿ ಬಣ್ಣ ಏನು ಮಾಡುತ್ತಿರುತ್ತದೆ? ಅದೇ ಕಾಪಾಡಬೇಕಲ್ಲವೆ?

ಇಲ್ಲೊಂದು ಸೋಜಿಗವಿದೆ. ಆ ಬಣ್ಣ ಬಳಿದದ್ದಲ್ಲ; ಅದೂ ತುಕ್ಕೇ. ಕಬ್ಬಿಣ ಆಮ್ಲಜನಕದೊಂದಿಗೆ ಬೆರೆಯುವ ಬಗೆ ಒಂದಲ್ಲ. ಕೆಂಪು ತುಕ್ಕು ಸಡಿಲ, ಪುಡಿಪುಡಿ, ನೀರುಗುಡುಕ. ಕಪ್ಪು ಬಗೆಯದು ಮ್ಯಾಗ್ನೆಟೈಟ್. ಬಿಗಿಯಾಗಿ ಕಚ್ಚಿಕೊಂಡು ಕೂರುವ ಜಾತಿ. ಹಳೆಯ ಕಾಲದ ಕೋವಿ ಕಸುಬಿನವರು ಕೆಂಪನ್ನು ಕಪ್ಪಿಗೆ ತಿರುಗಿಸುವ ವಿದ್ಯೆ ಕಲಿತಿದ್ದರು. ನಯ ಮಾಡಿದ ನಳಿಗೆಯ ಜಿಡ್ಡನ್ನು ಪೂರ್ತಿ ತೆಗೆದು, ಆಮ್ಲ ಬೆರೆತ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಪೆಟ್ಟಿಗೆಯೊಳಗೆ ಕೆಲವು ಗಂಟೆ ತೂಗುಹಾಕುತ್ತಾರೆ. ಹೊರತೆಗೆದಾಗ ಮೈತುಂಬ ಮಖಮಲ್ಲಿನಂಥ ಕೆಂಪು ತುಕ್ಕು. ನೋಡಿದವರಿಗೆ ಎದೆ ಒಡೆಯಬೇಕು. ಅದನ್ನು ಹಾಗೆಯೇ ಕುದಿಯುವ ನೀರಿಗೆ ಇಳಿಸಿದರೆ ಕಣ್ಣೆದುರೇ ಕೆಂಪು ಕಪ್ಪಾಗುತ್ತದೆ. ಮೃದುವಾದ ತಂತಿಯ ಬ್ರಷ್ಷಿನಿಂದ ಸಡಿಲ ಪುಡಿಯನ್ನು ಉಜ್ಜಿ ತೆಗೆದರೆ ಅಡಿಯಲ್ಲಿ ಬೂದುಗಪ್ಪು ಛಾಯೆ ಉಳಿದಿರುತ್ತದೆ. ಮತ್ತೆ ದ್ರಾವಣ, ಮತ್ತೆ ತೇವ, ಮತ್ತೆ ಕುದಿನೀರು. ಆರೆಂಟು ಸುತ್ತು ಆದ ಮೇಲೆ ಕಾಡಿಗೆಯ ಆಳವಿರುವ ಕಪ್ಪು ಬರುತ್ತದೆ. ಒಂದು ಜೊತೆ ನಳಿಗೆಗೆ ವಾರವೇ ಹಿಡಿಯಬಹುದು. ತುಕ್ಕನ್ನು ಬೇಕೆಂದೇ ಕರೆದು, ಪಳಗಿಸಿ, ತುಕ್ಕಿಗೇ ಕಾವಲು ಕೂರಿಸುವ ಕೆಲಸ ಇದು.

ಇದಕ್ಕೊಂದು ಒಳದಾರಿಯೂ ಇದೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳನ್ನು ಸುಮಾರು 140 ಡಿಗ್ರಿಗೆ ಕಾಯಿಸಿದ ತೊಟ್ಟಿಯಲ್ಲಿ ಮುಳುಗಿಸಿದರೆ ಅರ್ಧ ಗಂಟೆಯಲ್ಲಿ ಕಪ್ಪು ಬರುತ್ತದೆ. ಈಚಿನ ಒಂಟಿ ನಳಿಗೆ ಕೋವಿಗಳಿಗೆ, ರೈಫಲ್‌ಗಳಿಗೆ ಹೆಚ್ಚಾಗಿ ಇದೇ. ಆದರೆ ಅಕ್ಕಪಕ್ಕ ಜೋಡಿಸಿದ ಹಳೆಯ ಜೋಡುನಳಿಗೆ ಕೋವಿಯನ್ನು ಆ ತೊಟ್ಟಿಗೆ ಹಾಕಿದರೆ ಕೆಟ್ಟಿತು. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಬೆಸೆದಿರುವುದು ಸೀಸ, ತವರದ ಬೆಸುಗೆಯಿಂದ. ಕಾಯ್ದ ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ತಾತನ ಕಾಲದ ಬರ್ಮಿಂಗ್‌ಹ್ಯಾಮ್ ಕೋವಿಗೆ ‘ಹೊಸ ಪಾಲಿಶ್’ ಹಾಕಿಸಲು ಹೊರಟವರು ಕೇಳಬೇಕಾದ ಮೊದಲ ಪ್ರಶ್ನೆ, ನಿಧಾನದ ತುಕ್ಕುವಿದ್ಯೆಯೋ ತೊಟ್ಟಿಯ ಬಿಸಿಮುಳುಗೋ ಎಂಬುದು. ಉತ್ತರ ತಡವರಿಸಿದರೆ ಕೋವಿಯನ್ನು ಬಗಲಿಗೇರಿಸಿಕೊಂಡು ಮನೆಗೆ ಬನ್ನಿ.

ಯಾವ ವಿದ್ಯೆಯಿಂದ ಬಂದರೂ ಆ ಕಪ್ಪು ಪದರದ ದಪ್ಪ ಒಂದೆರಡು ಮೈಕ್ರಾನ್ ಅಷ್ಟೆ. ತಲೆಗೂದಲಿನ ದಪ್ಪದಲ್ಲಿ ಮೂವತ್ತನೆಯ ಒಂದು ಭಾಗವೂ ಆಗದು. ಮೇಲಾಗಿ ಅದರ ತುಂಬ ಸೂಕ್ಷ್ಮ ರಂಧ್ರಗಳು. ಅದು ಗೋಡೆಯಲ್ಲ, ಎಣ್ಣೆ ಹಿಡಿದಿಡುವ ಬತ್ತಿ. ಎಣ್ಣೆಯಿಲ್ಲದ ಕಪ್ಪು ಬಣ್ಣಕ್ಕೂ ಬೋಳು ಕಬ್ಬಿಣಕ್ಕೂ ಮಳೆಗಾಲದಲ್ಲಿ ಹೆಚ್ಚು ಅಂತರವಿಲ್ಲ. ‘ಕಂಪನಿ ಪಾಲಿಶ್ ಇದೆ, ಏನೂ ಆಗಲ್ಲ’ ಎನ್ನುವವರು ನೆನಪಿಡಬೇಕಾದದ್ದು ಇದೊಂದೇ.

ಕೊಡಚಾದ್ರಿಯ ನೆತ್ತಿಯ ಹತ್ತಿರ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದು ಮಳೆಯಲ್ಲೇ ನಿಂತಿದೆಯಲ್ಲ, ಅದಕ್ಕೆ ಯಾರು ಎಣ್ಣೆ ಹಚ್ಚಿದರು ಎಂದು ಕೇಳುವವರುಂಟು. ಇದೇ ಪ್ರಶ್ನೆ ಎಬ್ಬಿಸುವ ದೆಹಲಿಯ ಕಬ್ಬಿಣದ ಕಂಬದ ಗುಟ್ಟು ಅದರ ರಂಜಕದಲ್ಲಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ; ಆ ಹಳೆಯ ಕಬ್ಬಿಣದ ಮೈಮೇಲೆ ತಾನಾಗಿ ಒಂದು ಗಟ್ಟಿ ರಕ್ಷಾಪದರ ಬೆಳೆದಿದೆ. ಕೋವಿಯ ಉಕ್ಕಿಗೆ ಆ ಭಾಗ್ಯವಿಲ್ಲ. ಹಳೆಯ ಡಮಾಸ್ಕಸ್ ನಳಿಗೆ ಇಟ್ಟುಕೊಂಡವರು ‘ಇದು ನಮ್ಮ ಮೈಸೂರು ಸೀಮೆಯ ಉಕ್ಕು, ತುಕ್ಕು ಹಿಡಿಯದು’ ಎಂದು ಹೆಮ್ಮೆಪಡುವುದನ್ನೂ ಕೇಳಿದ್ದೇನೆ. ಹೆಸರಿನ ಮೋಸ ಅದು. ಮೂಸೆಯಲ್ಲಿ ಕರಗಿಸಿದ ನಮ್ಮ ಉಕ್ಕೇ ಬೇರೆ. ಈ ನಳಿಗೆಗಳನ್ನು ಮಾಡಿದ್ದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗದಂತೆ ಹೊಸೆದು, ಸರಳಿಗೆ ಸುತ್ತಿ, ಬಡಿದು ಬೆಸೆದು. ಹೆಣಿಗೆಯ ಚೆಲುವು ಕಾಣಲೆಂದು ಅವಕ್ಕೆ ಕಂದು ಬಣ್ಣ ತರಿಸುತ್ತಿದ್ದರು. ಗೋಡೆಯ ಮೇಲೆ ಚೆಂದ. ಈಗಿನ ತೋಟೆ ಹಾಕಿ ಹಾರಿಸಿದರೆ ಸಿಡಿಯಬಹುದು.

ಹೊರಮೈಯ ಮಾತು ಇಷ್ಟಾಯಿತು. ನಳಿಗೆಯ ಒಳಗಿನದು ಬೇರೆಯೇ ರಾಮಾಯಣ. ಕೇಪಿನ ಕೋವಿಗೆ ತುಂಬುವ ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ತೇವಾಂಶ ಬರೀ ಶೇ 43 ಇದ್ದರೂ ಅದು ನೀರು ಎಳೆದುಕೊಳ್ಳುತ್ತದೆ, ಅಂದರೆ ಕೊಡಗಿನ ಮಾರ್ಚ್ ತಿಂಗಳಲ್ಲೂ ಸುಮ್ಮನಿರುವುದಿಲ್ಲ. ಹಳೆಯ ಬಗೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಖಾಸಾ ತಮ್ಮ. ಇದರ ಸ್ವಭಾವ ಇನ್ನೂ ಕಪಟದ್ದು. ತೇವಾಂಶ ಶೇ 84ರ ಆಸುಪಾಸು ಮುಟ್ಟುವವರೆಗೆ ಒಣಗಿ ಮಲಗಿರುತ್ತದೆ, ಬೇಸಿಗೆಯಲ್ಲಿ ನೋಡಿದರೆ ನಳಿಗೆ ಕನ್ನಡಿ. ಜೂನ್‌ನಲ್ಲಿ ಎದ್ದು ಕೂರುತ್ತದೆ.

ಎಣ್ಣೆಯಲ್ಲಿ ಉಪ್ಪು ಕರಗದು. ಈ ಸರಳ ಸತ್ಯವನ್ನು ಮರೆತು ಮಸಿಯ ಮೇಲೆಯೇ ಎಣ್ಣೆ ಬಟ್ಟೆ ಎಳೆದು ಎಷ್ಟು ಕೋವಿಗಳ ಹೊಟ್ಟೆಯನ್ನು ನಾವು ಕೆಡಿಸಿದ್ದೇವೋ. ಕರಿಮದ್ದಿನ ಕೋವಿಯನ್ನು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆಯಬೇಕು. ಕಬ್ಬಿಣಕ್ಕೆ ನೀರೇ ಎಂದು ಬೆಚ್ಚಬೇಡಿ. ನೀರು ಕುದಿಯುವಷ್ಟು ಬಿಸಿಯಿದ್ದರೆ ನಳಿಗೆಯೇ ಕಾದು ತಾನಾಗಿ ಒಣಗುತ್ತದೆ. ಆಮೇಲೆ ಗಜಕ್ಕೆ ಒಣ ಬಟ್ಟೆ ಸುತ್ತಿ ಎರಡು ಮೂರು ಸಲ, ಕೊನೆಗೆ ಎಣ್ಣೆ ಬಟ್ಟೆ ಒಂದು ಸಲ. ಈಗಿನ ಪ್ಲಾಸ್ಟಿಕ್ ತೋಟೆಗಳಲ್ಲಿ ಉಪ್ಪಿನ ಕಾಟವಿಲ್ಲ. ಬದಲಿಗೆ ಸೀಸ ಮತ್ತು ಪ್ಲಾಸ್ಟಿಕ್ಕಿನ ತೆಳು ಪೊರೆ ನಳಿಗೆಗೆ ಮೆತ್ತಿಕೊಂಡು ಅದರಡಿಯಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಕಂಚಿನ ಬ್ರಷ್ಷೇ ಬೇಕು.

ಇದಕ್ಕೆಲ್ಲ ಮೊದಲು ಒಂದು ಮಾತು. ಕೋವಿ ಕೈಗೆತ್ತಿಕೊಂಡ ಕೂಡಲೇ ತೆರೆದು, ತೋಟೆ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಕೇಪಿನ ಕೋವಿಯಾದರೆ ಗಜ ಇಳಿಸಿ ಆಳ ನೋಡಿ, ಒಳಗೆ ಈಡು ಉಳಿದಿದೆಯೋ ತಿಳಿಯುತ್ತದೆ. ‘ಖಾಲಿಯಿತ್ತು ಅಂದ್ಕೊಂಡೆ’ ಎಂಬ ಮಾತಿನಿಂದ ಮುಗಿದ ಸುದ್ದಿಗಳನ್ನು ನಾವು ಓದಿದ್ದು ಸಾಕು. ಮೂಲೆಯಲ್ಲಿಟ್ಟ ನಳಿಗೆ ಕುಂಬಾರ ಹುಳಕ್ಕೆ ಬಹಳ ಪ್ರೀತಿ. ಮಣ್ಣು ತಂದು ಒಳಗೆ ಗೂಡು ಕಟ್ಟಿರುತ್ತದೆ. ಆ ಮಣ್ಣು ತುಕ್ಕನ್ನೂ ಹಿಡಿಸುತ್ತದೆ. ಅದನ್ನು ಕಾಣದೆ ಈಡು ಹಾರಿಸಿದರೆ ನಳಿಗೆಯೂ ಸೀಳುತ್ತದೆ, ಹಿಡಿದ ಕೈಯೂ ಉಳಿಯುವುದು ಕಷ್ಟ.

ಯಾವ ಎಣ್ಣೆ? ಈ ಪ್ರಶ್ನೆಗೆ ಕೊಡಗಿನಲ್ಲಿ ಮನೆಗೊಂದು ಉತ್ತರ. ಕೊಬ್ಬರಿ ಎಣ್ಣೆಯ ಪಂಗಡ ದೊಡ್ಡದು. ನಾನು ಆ ಪಂಗಡ ಬಿಟ್ಟವನು. ಸುಮಾರು 24 ಡಿಗ್ರಿಗೆ ಇಳಿದರೆ ಅದು ಗಟ್ಟಿಯಾಗುತ್ತದೆ, ನಮ್ಮ ಡಿಸೆಂಬರ್ ಬೆಳಗಿಗೆ ಲಾಕಿನ ಸ್ಪ್ರಿಂಗುಗಳ ನಡುವೆ ಹೆಪ್ಪುಗಟ್ಟಿ ಕೂರುತ್ತದೆ. ಕಮಟು ಹತ್ತಿದಾಗ ಬಿಡುಗಡೆಯಾಗುವ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ. ಬೇರೆ ಅಡುಗೆ ಎಣ್ಣೆಗಳು ಗಾಳಿಗೆ ಅಂಟಂಟಾಗಿ ಧೂಳು ಹಿಡಿಯುತ್ತವೆ. ಹೊಲಿಗೆ ಯಂತ್ರದ ಖನಿಜ ತೈಲವೇ ಇವಕ್ಕಿಂತ ಎಷ್ಟೋ ವಾಸಿ. ಈಚೆಗೆ ಎಲ್ಲರ ಕೈಯಲ್ಲೂ ಕಾಣುವ ನೀಲಿ ಹಳದಿ ಡಬ್ಬಿ ಡಬ್ಲ್ಯುಡಿ-40ರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅದು ಹುಟ್ಟಿದ್ದು ನೀರನ್ನು ಹೊರದೂಡಲು. ಹೆಸರಿನ ಅರ್ಥವೂ ಅದೇ, ನೀರು ಓಡಿಸುವ ನಲವತ್ತನೆಯ ಪ್ರಯೋಗ. ನೆನೆದ ಕೋವಿಯ ಸಂದುಗಳಿಂದ ನೀರು ಹೊರಡಿಸಲು ಅದು ಚೆನ್ನ. ಆದರೆ ಅದು ಬಿಟ್ಟುಹೋಗುವ ಪೊರೆ ಬಹಳ ತೆಳು. ಅದನ್ನೇ ನಂಬಿ ಮೂರು ತಿಂಗಳ ಮಳೆಗೆ ಕೋವಿಯನ್ನು ಒಪ್ಪಿಸುವುದು ಕರವಸ್ತ್ರ ಹೊದ್ದು ಬ್ರಹ್ಮಗಿರಿ ಹತ್ತಿದ ಹಾಗೆ. ಅದನ್ನು ಒರೆಸಿ ತೆಗೆದು ಮೇಲೆ ಕೋವಿ ಎಣ್ಣೆಯನ್ನೋ ತೆಳು ಗ್ರೀಸನ್ನೋ ಹಚ್ಚಬೇಕು.

ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಸುರಿದ ಎಣ್ಣೆ ಇಳಿದು ಹಿಡಿಯ ಮರಕ್ಕೆ ಸೇರಿ, ವರ್ಷಗಳಲ್ಲಿ ಮರ ಕಪ್ಪಾಗಿ ಮೆದುವಾಗುತ್ತದೆ. ಎಣ್ಣೆ ಬಟ್ಟೆಯಲ್ಲಿ ಸವರಿ, ಒಣ ಬಟ್ಟೆಯಲ್ಲಿ ಮುಕ್ಕಾಲು ಪಾಲು ಒರೆಸಿ ತೆಗೆಯುವುದು ಸರಿಯಾದ ಅಳತೆ. ಒರೆಸಿದ ಮೊದಲ ದಿನ ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರಕ್ಕೆ ಹೋಗದೆ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಗೋಡೆಯ ಮೇಲೆ ನೋಟಕ್ಕಷ್ಟೇ ಇರುವ ಕೋವಿಗೆ ಎಣ್ಣೆಗಿಂತ ಮೇಣ ಮೇಲು. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯ 1950ರ ದಶಕದಲ್ಲಿ ರೂಪಿಸಿದ ರಿನೈಸೆನ್ಸ್ ವ್ಯಾಕ್ಸ್ ಎಂಬ ಮೇಣವನ್ನು ವಸ್ತುಸಂಗ್ರಹಾಲಯಗಳು ಇಂದಿಗೂ ಕತ್ತಿ, ಕೋವಿಗಳಿಗೆ ಹಚ್ಚುತ್ತವೆ. ಜಿಡ್ಡಿಲ್ಲ, ಧೂಳು ಹಿಡಿಯದು, ಬೆರಳು ಮುಟ್ಟಿದರೂ ಗುರುತು ಕೂರದು.

ಇನ್ನು ಇಡುವ ಜಾಗ. ನನ್ನ ಅನುಭವದಲ್ಲಿ ಎಣ್ಣೆಗಿಂತ ದೊಡ್ಡ ಸಂಗತಿ ಇದೇ. ಸ್ಪಂಜು ಅಥವಾ ಉಣ್ಣೆಯ ಒಳಪದರದ ಚೀಲ ಪ್ರಯಾಣಕ್ಕೆ ಮಾತ್ರ; ಅದರಲ್ಲಿ ಕೋವಿಯನ್ನು ಮಳೆಗಾಲ ಕಳೆಯಲು ಬಿಡುವುದೆಂದರೆ ಒದ್ದೆ ಕಂಬಳಿ ಹೊದಿಸಿ ಮಲಗಿಸಿದಂತೆ. ಚರ್ಮದ ಚೀಲ ಇನ್ನೂ ಕೇಡು, ಹದ ಮಾಡಿದ ಆಮ್ಲ ಮತ್ತು ಲವಣ ಅದರಲ್ಲಿ ಉಳಿದಿರುತ್ತದೆ. ಹಳಬರ ಮನೆಗಳಲ್ಲಿ ಕೋವಿ ಒಲೆಯ ಬಿಸಿ ತಾಕುವ ಗೋಡೆಗೆ ತೂಗುತ್ತಿತ್ತು. ಅಡುಗೆಮನೆಗೆ ಗ್ಯಾಸ್ ಬಂತು, ಒಲೆ ಆರಿತು, ಕೋವಿ ಮಲಗುವ ಕೋಣೆಯ ಉಕ್ಕಿನ ಬೀರು ಸೇರಿತು. ಆ ಬೀರುವಿನೊಳಗೆ ಒಂದು 40 ವ್ಯಾಟಿನ ಬಲ್ಬು ಉರಿಸುವುದು ನಮ್ಮಲ್ಲಿ ರೂಢಿ. ರೇಷ್ಮೆ ಸೀರೆಗೂ ಅದೇ, ಕ್ಯಾಮೆರಾಗೂ ಅದೇ, ಕೋವಿಗೂ ಅದೇ. ಇದರ ಹಿಂದಿನ ಗಣಿತ ಚೊಕ್ಕದ್ದು: 20 ಡಿಗ್ರಿಯಲ್ಲಿ ಶೇ 95 ತೇವ ಹೊತ್ತ ಗಾಳಿಯನ್ನು ಬರೀ 28 ಡಿಗ್ರಿಗೆ ಬೆಚ್ಚಗಾಗಿಸಿದರೆ ತೇವಾಂಶ ಶೇ 60ರ ಕೆಳಗೆ ಇಳಿಯುತ್ತದೆ. ಅಂದರೆ ತುಕ್ಕಿನ ಗೆರೆಯ ಈಚೆಗೆ. ತೊಂದರೆ ಏನೆಂದರೆ, ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಕರೆಂಟ್ ಉಳಿಸುವ ಉಮೇದಿನಲ್ಲಿ ನಾವೂ ಒಂದು ವರ್ಷ ಹಳದಿ ಬಲ್ಬು ಕಿತ್ತು ಬಿಳಿಯದು ಹಾಕಿದೆವು. ಆ ವರ್ಷದ ಚುಕ್ಕೆಗಳ ಗುರುತು ಎಡ ನಳಿಗೆಯ ಮೇಲೆ ಇನ್ನೂ ಇದೆ. ಹಳೆಯ ತಂತಿಯ ಬಲ್ಬು ಸಿಕ್ಕರೆ ಬಟ್ಟೆಗೆ, ಮರಕ್ಕೆ ತಾಗದಂತೆ ಹಾಕಿ. ಇಲ್ಲವಾದರೆ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಿಸುವ ಬಗೆಯದಾದರೆ ತೇವ ಕುಡಿದದ್ದು ಬಣ್ಣದಲ್ಲೇ ತಿಳಿಯುತ್ತದೆ. ಸುಮಾರು 120 ಡಿಗ್ರಿಯಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಹೊಟ್ಟೆ ತುಂಬ ನೀರು ಕುಡಿದು ವರ್ಷಗಟ್ಟಲೆ ದಂಡಕ್ಕೆ ಬಿದ್ದಿರುತ್ತದೆ.

ಚುನಾವಣೆಯ ಮಾತೂ ಇಲ್ಲೇ ಬರಬೇಕು. ಘೋಷಣೆಯಾದ ಕೂಡಲೇ ಪರವಾನಗಿಯ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಮಲೆನಾಡು, ಕರಾವಳಿಯ ರೈತರಿಗೆ ಕರೆ ಬರುತ್ತದೆ. ನನ್ನ ನೆಂಟರೊಬ್ಬರು ಒಪ್ಪಿಸಿದ ಕೋವಿ ಮಳೆ ಹಿಡಿದ ಮೇಲೆ ವಾಪಸು ಬಂದಾಗ, ಹೆಸರು ಬರೆದು ಕಟ್ಟಿದ ಚೀಟಿಯ ತಂತಿ ಇದ್ದ ಜಾಗದಲ್ಲಿ ನಳಿಗೆಯ ಸುತ್ತ ತುಕ್ಕಿನ ಬಳೆ ಮೂಡಿತ್ತು. ಯಾರನ್ನು ದೂರುವುದು? ಒಂದೇ ಕೋಣೆಯಲ್ಲಿ ಸೌದೆಯಂತೆ ಒರಗಿಸಿದ ಕೋವಿಗಳಿಗೆ ಎಣ್ಣೆ ಹಚ್ಚುವುದು ಪೊಲೀಸರ ಕೆಲಸವಲ್ಲ. ಒಪ್ಪಿಸುವ ಮುನ್ನ ಎಣ್ಣೆಯ ಬದಲು ಗ್ರೀಸ್ ಸವರಿ, ತುಕ್ಕು ತಡೆಯುವ ಆವಿ ಬಿಡುವ ವಿಸಿಐ ಕಾಗದದಲ್ಲಿ ನಳಿಗೆ ಸುತ್ತಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ನೆಂಟರು ಈಗ ಹಾಗೆಯೇ ಮಾಡುತ್ತಾರೆ.

ತುಕ್ಕು ಬಂದೇಬಿಟ್ಟರೆ? ಇಲ್ಲಿ ನನ್ನದೊಂದು ಪಾಪ ನಿವೇದನೆ ಇದೆ. ಹನ್ನೆರಡರ ವಯಸ್ಸು. ಹಬ್ಬದ ಹಿಂದಿನ ದಿನ ಅಜ್ಜಿ ಹಿತ್ತಾಳೆ ದೀಪಗಳನ್ನು ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕುತ್ತಿದ್ದರು. ದೀಪಗಳು ಬಂಗಾರವಾದದ್ದು ನೋಡಿ ನಾನು ಕೋವಿಯನ್ನೂ ಬಂಗಾರ ಮಾಡಲು ಹೊರಟೆ. ತುಕ್ಕಿನ ಚುಕ್ಕೆ ಹೋಯಿತು, ಜೊತೆಗೆ ಅಂಗೈಯಗಲದ ಕಪ್ಪು ಬಣ್ಣವೂ ಹೋಯಿತು. ಬೆಳ್ಳಗೆ ಹೊಳೆಯುತ್ತಿದ್ದ ಆ ಜಾಗ ಮರುದಿನ ಪೂಜೆಯ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹುಣಸೆ, ನಿಂಬೆ, ವಿನೆಗರ್, ಅಂಗಡಿಯ ತುಕ್ಕುನಾಶಕ ಇವೆಲ್ಲವೂ ಆಮ್ಲಗಳೇ. ಅವಕ್ಕೆ ಕೆಂಪು ತುಕ್ಕೂ ಒಂದೇ, ಕಪ್ಪು ತುಕ್ಕೂ ಒಂದೇ. ಉಪ್ಪುಕಾಗದವಂತೂ ಮುಟ್ಟಲೇಬಾರದು. ಚುಕ್ಕೆಯ ಮೇಲೆ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ನಾಲ್ಕು ಸೊನ್ನೆಯ ಅತಿ ನಯದ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಕೆನ್ನೆ ಒರೆಸುವಷ್ಟು ಹಗುರಾಗಿ ಉಜ್ಜಿ. ಕೆಂಪು ಎದ್ದು ಬರುತ್ತದೆ, ಕಪ್ಪು ಬಹುಪಾಲು ಉಳಿಯುತ್ತದೆ. ಗುಳಿ ಬಿದ್ದಿದ್ದರೆ ಅದು ಹೋಗುವುದಿಲ್ಲ. ಗುಳಿ ನಳಿಗೆಯ ಒಳಗಿದ್ದರೆ, ಅದರಲ್ಲೂ ತೋಟೆ ಕೂರುವ ಜಾಗದ ಹತ್ತಿರವಿದ್ದರೆ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಹಾರಿಸಬೇಡಿ.

ಕಣ್ಣಿಗೆ ಕಾಣುವ ತುಕ್ಕಿಗಿಂತ ಕಾಣದ್ದೇ ಹೆಚ್ಚು ಕೆಟ್ಟದ್ದು. ಮುಂಗೈ ಮರವನ್ನು ಕಳಚಿ ಅದರಡಿ ನೋಡುವವರು ಕಡಿಮೆ. ಮರ ಕುಡಿದ ನೀರೆಲ್ಲ ಅಲ್ಲಿ ಕಬ್ಬಿಣಕ್ಕೆ ಒತ್ತಿಕೊಂಡಿರುತ್ತದೆ. ಜೋಡುನಳಿಗೆಯಲ್ಲಿ ಇನ್ನೊಂದು ಗುಪ್ತಸ್ಥಳವಿದೆ, ನಡುವಿನ ಪಟ್ಟಿಯ ಅಡಿಯ ಪೊಳ್ಳು. ಬೆಸುಗೆ ಎಲ್ಲೋ ಕೂದಲೆಳೆಯಷ್ಟು ಬಿಟ್ಟಿದ್ದರೆ ನೀರು ಒಳಗೆ ಹೋಗಿ ವರ್ಷಗಟ್ಟಲೆ ಕತ್ತಲಲ್ಲಿ ತಿನ್ನುತ್ತಿರುತ್ತದೆ. ಅದನ್ನು ಕಂಡುಹಿಡಿಯಲು ಹಳೆಯ ಕೋವಿ ಕಸುಬಿನವರಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ನಳಿಗೆಗಳನ್ನು ಬಿಚ್ಚಿ, ತಂತಿಯ ಕೊಂಡಿಯಲ್ಲಿ ತೂಗುಹಾಕಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಬೆಸುಗೆ ಗಟ್ಟಿಯಿದ್ದರೆ ಗುಡಿಯ ಗಂಟೆಯಂತೆ ನಾದ ಎಳೆಯುತ್ತದೆ. ಸಡಿಲವಿದ್ದರೆ ಒಡೆದ ಮಡಕೆಯ ಸದ್ದು. ನಮ್ಮದು ಇನ್ನೂ ಗಂಟೆ.

ಮತ್ತೆ ಹಬ್ಬಕ್ಕೆ ಬರುತ್ತೇನೆ. ಕೈಲ್ ಪೊಳ್ದ್‌ಗೆ ಕೋವಿ ತೆಗೆದು ಒರೆಸುವುದು ಒಳ್ಳೆಯ ರೂಢಿ, ಆದರೆ ಅಷ್ಟು ಹೊತ್ತಿಗೆ ಮಳೆಗಾಲದ ಮುಕ್ಕಾಲು ಪಾಲು ಕಳೆದಿರುತ್ತದೆ, ತುಕ್ಕಿನ ಊಟವೂ ಆಗಿರುತ್ತದೆ. ಜಡಿಮಳೆಯ ನಡುವೆ ಒಮ್ಮೆ ನೋಡಬೇಕು. ಅದಕ್ಕೆ ಹೊಸ ದಿನ ಹುಡುಕಬೇಕಾಗಿಲ್ಲ. ಸರಿಯಾಗಿ ಒಂದು ತಿಂಗಳ ಹಿಂದೆ, ಆಗಸ್ಟ್ 3ಕ್ಕೆ, ಕಕ್ಕಡ ಮಾಸದ ಹದಿನೆಂಟನೆಯ ದಿನ, ಕಕ್ಕಡ ಹದಿನೆಂಟು ಬರುತ್ತದೆ. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂಬ ನಂಬಿಕೆಯಿಂದ ಅದರ ನೇರಳೆ ಬಣ್ಣದ ಪಾಯಸ ಮಾಡಿ ಮನೆಮಂದಿಯೆಲ್ಲ ಉಣ್ಣುತ್ತೇವೆ. ಕನ್ನಡದಲ್ಲಿ ಔಷಧಕ್ಕೂ ಮದ್ದು, ಕೋವಿಗೆ ತುಂಬುವ ಪುಡಿಗೂ ಮದ್ದು. ಮುಂದಿನ ಸಲ ಪಾಯಸ ಉಂಡ ಕೈಯನ್ನು ಚೆನ್ನಾಗಿ ತೊಳೆದು, ಒರೆಸಿಕೊಂಡು, ಬೀರುವಿನ ಬಾಗಿಲು ತೆಗೆಯಿರಿ. ಮುಂಗೈ ಮರ ಕಳಚಿ ಅದರಡಿಗೆ ಟಾರ್ಚು ಬಿಡಿ. ಹತ್ತು ನಿಮಿಷದ ಕೆಲಸ, ಮೂರು ತೊಟ್ಟು ಎಣ್ಣೆ.